ಏಳರ ಮೂರು, ಮೂರರ ಒಂದು

(ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನೂ ಬಿಟ್ಟಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವರು ಹೆಂಡತಿ. ಒಬ್ಬರೇ ಬಂದಿದ್ದರು. ಕುಳಿತವರು ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಿದ್ದರು. ಆಮೇಲೆ ಹೇಳಿದರು: "ಮೇಡಂ, ನಮ್ಮನೆಯವರಿಗೆ ನನ್ನ ಮೇಲೆ ಸಿಟ್ಟು. ನಾನು ರೂಮಿಗೆ ಹೋದರೆ ಸಾಕು, ಅಳ್ತಾರೆ. ಏನು ತಪ್ಪು ಮಾಡಿದೆ ಅಂತಾನೇ ಗೊತ್ತಾಗ್ತಿಲ್ಲ."

ಯಜಮಾನರಿಗೆ 56 ವರ್ಷ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಮೂರು ವರ್ಷದ ಹಿಂದೆ ಬಲಗೈಯಿಂದ ಪೆನ್ನು ಜಾರತೊಡಗಿತು. ಆಮೇಲೆ ಮಾತು ತೊದಲಿತು. ಪರೀಕ್ಷೆ ಮಾಡಿಸಿದಾಗ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಗೊತ್ತಾಯಿತು. ಸ್ನಾಯುಗಳಿಗೆ ಅಪ್ಪಣೆ ತಲುಪಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಕೈ, ಕಾಲು, ನಾಲಿಗೆ, ಮುಖ ಎಲ್ಲವೂ ಮೆಲ್ಲಗೆ ಸೋಲುತ್ತವೆ. ಕಣ್ಣು ಆಡಿಸುವ ಸ್ನಾಯುಗಳು ಮಾತ್ರ ಹೆಚ್ಚಿನವರಲ್ಲಿ ಬಹಳ ಕಾಲ ಉಳಿಯುತ್ತವೆ. ಕೆಲವರಲ್ಲಿ ಯೋಚನೆಯ ಶಕ್ತಿಗೂ ಪೆಟ್ಟು ಬೀಳುತ್ತದೆ. ಇವರಿಗೆ ಹಾಗಾಗಿಲ್ಲ ಎಂದು ನರರೋಗ ವೈದ್ಯರು ಬರೆದುಕೊಟ್ಟಿದ್ದರು.

ಮಾತು ಪೂರ್ತಿ ನಿಂತು ಎಂಟು ತಿಂಗಳಾಗಿತ್ತು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ. ಇಷ್ಟೇ ಅವರ ಮನೆಯ ಭಾಷೆ. ನೀರಾ? ಫ್ಯಾನಾ? ಮಗ್ಗಲು ಬದಲಿಸಬೇಕಾ? ದಿನವೂ ಇವೇ ಏಳೆಂಟು ಪ್ರಶ್ನೆ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಲು ಅವರಿಗೆ ದಾರಿಯೇ ಇರಲಿಲ್ಲ.

ಇನ್ನೊಂದು ವಿಷಯವನ್ನು ಆಕೆ ಹೇಳಲೋ ಬೇಡವೋ ಎಂಬಂತೆ ಹೇಳಿದರು. ಯಜಮಾನರ ಸ್ವಂತ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಅವರು ನಕ್ಕರಂತೆ. ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲವಂತೆ. ಸುದ್ದಿ ತಂದವರು ಬಾಗಿಲಲ್ಲೇ ನಿಂತು ನೋಡಿ ವಾಪಸು ಹೋದರು. ಆ ಕಡೆಯವರು ಅಂದಿನಿಂದ ಈ ಮನೆ ಹತ್ತಿಲ್ಲ.

ನನಗೆ ವಿಷಯ ಅರ್ಥವಾಗತೊಡಗಿದ್ದು ಅಲ್ಲಿ. ಅಳುವಿಗೆ, ನಗುವಿಗೆ ಕಡಿವಾಣ ಹಾಕುವ ಮೆದುಳಿನ ದಾರಿ ಈ ಕಾಯಿಲೆಯಲ್ಲಿ ಹಾಳಾಗಬಹುದು. ವೈದ್ಯರು ಇದನ್ನು ಸ್ಯೂಡೋಬಲ್ಬರ್ ಅಫೆಕ್ಟ್ ಅನ್ನುತ್ತಾರೆ. ಗುರುತಿನ ಒಂದು ಮುಖ ಕಂಡರೂ ಸಾಕು, ಅಳು ಉಕ್ಕುತ್ತದೆ. ದುಃಖದ ಮಾತಿಗೆ ನಗು ಬರುತ್ತದೆ. ಒಳಗಿರುವ ಭಾವಕ್ಕೂ ಮುಖದಲ್ಲಿ ಕಾಣುವುದಕ್ಕೂ ತಾಳೆ ಇರುವುದಿಲ್ಲ. ಇದನ್ನು ಕಡಿಮೆ ಮಾಡುವ ಔಷಧಿಗಳಿವೆ. ಆದ್ದರಿಂದ ಮೊದಲು ಅವರ ವೈದ್ಯರ ಹತ್ತಿರವೇ ಕಳಿಸಿದೆ, ಅವರೂ ಹೌದೆಂದರು.

ಅದನ್ನು ಕೇಳಿ ಆಕೆ ಅತ್ತುಬಿಟ್ಟರು. ಎಂಟು ತಿಂಗಳು ಆಕೆ ಗಂಡನ ಮುಖ ಓದುತ್ತಾ ಬದುಕಿದ್ದರು. ಓದಿದ್ದೆಲ್ಲ ತಪ್ಪಾಗಿತ್ತು. ನಾವೆಲ್ಲ ಮಾತಿಗಿಂತ ಮುಖವನ್ನೇ ಜಾಸ್ತಿ ನಂಬುತ್ತೇವೆ, ಅಲ್ವಾ? ಬಾಯಿ ಸುಳ್ಳು ಹೇಳಬಹುದು, ಮುಖ ಹೇಳುವುದಿಲ್ಲ ಅಂದುಕೊಂಡಿರುತ್ತೇವೆ. ಈ ಮನುಷ್ಯನಿಗೆ ಬಾಯಿಲ್ಲ, ಕೈ ಇಲ್ಲ, ಇದ್ದ ಮುಖವೂ ಅವರ ಮಾತು ಕೇಳುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಇರುವುದು ಹೊರಗೆ ಬರಬೇಕಾದರೆ ಒಂದೇ ದಾರಿ ಉಳಿದಿತ್ತು. ಅವರು ಬರೆಯಬೇಕಿತ್ತು.

ಕಣ್ಣಿನ ಚಲನೆ ಗುರುತಿಸಿ ಅಕ್ಷರ ಮೂಡಿಸುವ ಕಂಪ್ಯೂಟರ್ ಸಾಧನಗಳಿವೆ. ಆ ಮನೆಯ ಕೈಗೆ ಅವು ಎಟುಕುವಂತಿರಲಿಲ್ಲ. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೋನಿನಲ್ಲಿ ಇದನ್ನೇ ಕೇಳಿದ: "ಹಾಕಿಂಗ್‌ಗೆ ಇದ್ದ ಥರದ್ದು ಸಿಗಲ್ವಾ ಮೇಡಂ?" ನಾನು ಹೇಳಿದೆ, ಇದೇ ಕಾಯಿಲೆ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದನಿ 1985ರಲ್ಲಿ ಪೂರ್ತಿ ಹೋದಾಗ ಮೊದಲು ಕಂಪ್ಯೂಟರ್ ಇರಲಿಲ್ಲ. ಯಾರಾದರೂ ಅಕ್ಷರದ ಕಾರ್ಡಿನ ಮೇಲೆ ಬೆರಳು ಇಡುತ್ತಾ ಹೋಗುತ್ತಿದ್ದರು. ಸರಿಯಾದ ಅಕ್ಷರ ಬಂದಾಗ ಅವರು ಹುಬ್ಬು ಏರಿಸುತ್ತಿದ್ದರು. ಶುರು ಮಾಡಲು ನಮಗೆ ಅಷ್ಟು ಸಾಕು.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲ ಇದೆ. ನಮ್ಮ ಅಕ್ಷರಮಾಲೆ ಮೊದಲೇ ಕೋಷ್ಟಕದಂತೆ ನಿಂತಿದೆ. ಐದು ವರ್ಗ, ವರ್ಗಕ್ಕೆ ಐದು ಅಕ್ಷರ. ಒಂದನೇ ತರಗತಿಯಲ್ಲಿ ಕಲಿತ ಈ ಸಾಲು ಯಾರಿಗೂ ಮರೆಯುವುದಿಲ್ಲ. ಡ್ರಾಯಿಂಗ್ ಹಾಳೆಯಲ್ಲಿ ಮಗಳು ಸ್ಕೆಚ್ ಪೆನ್ನಿಂದ ಬರೆದಳು. ಒಂದರಿಂದ ಐದನೇ ಸಾಲಿಗೆ ಕ, ಚ, ಟ, ತ, ಪ ವರ್ಗಗಳು. ಅವರ್ಗೀಯಗಳನ್ನು ಎರಡು ಮಾಡಿದೆವು: ಆರನೇ ಸಾಲು ಯ ರ ಲ ವ, ಏಳನೇ ಸಾಲು ಶ ಷ ಸ ಹ ಳ. ಸ್ವರಗಳು ಎಂಟನೇ ಸಾಲು. ಓದುವವರು "ಒಂದು, ಎರಡು, ಮೂರು" ಎನ್ನುತ್ತಾ ಹೋಗಬೇಕು. ಬೇಕಾದ ಸಾಲು ಬಂದಾಗ ಅವರು ಕಣ್ಣು ಮೇಲೆತ್ತುತ್ತಾರೆ. ಆಮೇಲೆ ಆ ಸಾಲಿನೊಳಗೆ ಹಾಗೆಯೇ ಎಣಿಕೆ. ರೆಪ್ಪೆ ಮಿಟುಕಿಸುವುದನ್ನು ಗುರುತಾಗಿ ಇಟ್ಟುಕೊಳ್ಳಬೇಡಿ ಎಂದೆ. ಅದು ತಾನಾಗಿಯೂ ಆಗುತ್ತಿರುತ್ತದೆ, ಗೊಂದಲವಾಗುತ್ತದೆ.

ಮೊದಲ ದಿನ ನಾನು ಅವರ ಮನೆಯಲ್ಲೇ ಇದ್ದೆ. ಮಗಳು ಎಣಿಸಿದಳು, ಅಮ್ಮ ಬರೆದುಕೊಂಡರು. ಏಳರ ಮೂರು. ಮೂರರ ಒಂದು. ಮತ್ತೆ ಮೂರರ ಒಂದು. ಆರರ ಮೂರು. ಮತ್ತೆ ಆರರ ಮೂರು. ಹಾಳೆಯಲ್ಲಿ ಇದ್ದದ್ದು "ಸ ಟ ಟ ಲ ಲ". ಕಾಗುಣಿತ ಕೇಳುವ ಮೊದಲೇ ಆಕೆಗೆ ತಿಳಿಯಿತು. ಸಿಟ್ಟಿಲ್ಲ.

ಆಗಲೂ ಅವರು ಅಳುತ್ತಲೇ ಇದ್ದರು. ಆಕೆ ಮುಖ ನೋಡಲಿಲ್ಲ. ಹಾಳೆ ನೋಡುತ್ತಿದ್ದರು.

ಎರಡು ವಾರದಲ್ಲಿ ಅಪ್ಪ ಮಗಳು ಸೇರಿ ತಮ್ಮದೇ ಪದ್ಧತಿ ಮಾಡಿಕೊಂಡರು. ಕಾಗುಣಿತ ಬಿಟ್ಟು ಬರೀ ವ್ಯಂಜನ ಹೇಳುವುದು, ತಪ್ಪು ಓದಿದರೆ ಮಾತ್ರ ಸ್ವರದ ಸಾಲಿಗೆ ಹೋಗುವುದು. "ನ ರ" ಅಂದರೆ ನೀರು ಆಗಬಹುದು, ನೂರು ಆಗಬಹುದು. ಮಧ್ಯಾಹ್ನ ಆದರೆ ನೀರು, ಹಾಲಿನ ಲೆಕ್ಕದ ದಿನ ಆದರೆ ನೂರು. ಮಹಾಪ್ರಾಣಗಳನ್ನು ಮಗಳು ಹಾಳೆಯಿಂದಲೇ ತೆಗೆದಳು. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ಆಮೇಲೆ ಬೇರೆ ಮನೆಗಳಿಗೆ ನಾನೇ ಹೇಳಿದ್ದೇನೆ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ಪ್ರತಿ ಅಕ್ಷರವನ್ನೂ ಕಾಗದದ ಮೇಲೆ ಇಳಿಸಿ ಎನ್ನುವುದು. ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬಾರದು. ಐದನೇ ಅಕ್ಷರಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ, ಆಗ ಪಾಪ ಅವರು ಮತ್ತೆ ಮೊದಲಿಂದ ಶುರು ಮಾಡಬೇಕು. ಅದಕ್ಕೊಂದು ನೋಟ್‌ಬುಕ್ ಇಡಿ, ತಾರೀಕು ಹಾಕಿ, ಹಾಳೆ ಹರಿಯಬೇಡಿ. ನೀರು, ಫ್ಯಾನು, ಮಗ್ಗಲು ಇವನ್ನು ಹೌದು-ಅಲ್ಲ ಎಂದೇ ಕೇಳಿ, ಅದಕ್ಕೆ ಅವರ ಶಕ್ತಿ ಖರ್ಚು ಮಾಡಿಸಬೇಡಿ. ಆದರೆ ದಿನಕ್ಕೆ ಎರಡು ಸಲ, ಅವರು ದಣಿಯದ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಅಕ್ಷರದ ಹಾಳೆ ಹಿಡಿದು ಸುಮ್ನೆ ಕೂತುಕೊಳ್ಳಿ. ನೀವು ಏನನ್ನೂ ಕೇಳಬೇಡಿ. ವಿಷಯ ಅವರದಾಗಿರಲಿ.

ಅವರ ಪದವನ್ನು ನೀವು ಮುಗಿಸಬೇಡಿ ಎಂದೂ ಹೇಳಿದೆ. ಇದು ಪ್ರೀತಿಯವರಿಗೇ ಬಹಳ ಕಷ್ಟ. ಅರ್ಧ ಕೇಳಿದ ಕೂಡಲೇ ಗೊತ್ತಾಯ್ತು ಅನ್ನಿಸುತ್ತದೆ. ಒಂದು ಸಂಜೆ "ಮ ಗ" ಬಂದಾಗ ಅಮ್ಮ "ಮಗಳಾ? ಇಲ್ಲೇ ಇದ್ದಾಳಲ್ಲ" ಅಂದರು. ಅವರು ಮಗನ ಬಗ್ಗೆ ಹೇಳಬೇಕೆಂದಿದ್ದರು. ಬೇಜಾರಾಗಿ ಕಣ್ಣು ಮುಚ್ಚಿಬಿಟ್ಟರಂತೆ. ಎರಡು ದಿನ ಬರೆಯಲಿಲ್ಲ. ಅವರೇ ಅನುಮತಿ ಕೊಟ್ಟರೆ ಊಹಿಸಿ, ಇಲ್ಲದಿದ್ದರೆ ಕಾಯಿರಿ ಎಂದೆ.

ಮಗನ ವಿಷಯ ಬೇರೆಯೇ ಇತ್ತು. ಅವನು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದ. ಅಪ್ಪ ಅಳುವುದನ್ನು ನೋಡಲಾಗದೆ ಕಾಲ್ ಕಟ್ ಮಾಡುತ್ತಿದ್ದ. ಕೊನೆಗೆ ಮಾಡುವುದನ್ನೇ ಬಿಟ್ಟ. ಅಮ್ಮನಿಗೆ ಅದು ಕಲ್ಲುಮನಸ್ಸು ಅನ್ನಿಸಿತ್ತು. ಅವನ ಜೊತೆ ಫೋನಿನಲ್ಲಿ ಮಾತಾಡಿದಾಗ ನನಗೆ ಹಾಗೆ ಅನ್ನಿಸಲಿಲ್ಲ. ಅವನಿಗೂ ಆ ಮುಖವನ್ನು ಓದಲು ಬರುತ್ತಿರಲಿಲ್ಲ, ಅಷ್ಟೇ. ಸ್ವಲ್ಪ ದಿನ ವಿಡಿಯೋ ಬೇಡ, ಕಾಗದ ಬರೆ ಎಂದೆ. ಏನು ಬರೆಯಲಿ ಎಂದು ಕೇಳಿದ. ಅಪ್ಪನನ್ನು ಏನಾದರೂ ಕೇಳು, ಅವರಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದನ್ನು ಕೇಳು ಎಂದೆ. ಅವನು ತನ್ನ ಸಂಬಳ, ಖರ್ಚು ಬರೆದು ಸಾಲ ಮಾಡಿ ಸೈಟ್ ತಗೊಳ್ಳಲಾ ಎಂದು ಕೇಳಿದ. ಅಪ್ಪನ ಉತ್ತರ ಬರಲು ಮೂರು ದಿನ ಹಿಡಿಯಿತು. ಒಟ್ಟು ನಾಲ್ಕು ಸಾಲು. ಮಂಡಿಯ ಲೆಕ್ಕದವರಲ್ಲವೇ, ಕಂತಿನ ಮೊತ್ತ ಸಂಬಳದ ಎಷ್ಟು ಪಾಲು ಮೀರಬಾರದು ಎಂಬುದೂ ಅದರಲ್ಲಿತ್ತು. ಮಗ ಆ ಹಾಳೆಯ ಫೋಟೋ ಕೇಳಲಿಲ್ಲ. ಹಾಳೆಯನ್ನೇ ಪೋಸ್ಟ್ ಮಾಡಿ ಎಂದ.

ನಾಲ್ಕನೇ ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ಎರಡು ಪದ ಬಂತು: ಮಷಿನ್ ಯಾವಾಗ. ಉಸಿರಾಟದ ಯಂತ್ರದ ಬಗ್ಗೆ ವೈದ್ಯರು ಹೆಂಡತಿಯ ಹತ್ತಿರ ಮಾತಾಡಿದ್ದರು. ಬಾಗಿಲ ಆಚೆ ನಿಂತು ಆಡಿದ ಮಾತು ಅವರಿಗೆ ಕೇಳಿಸಿತ್ತು. ಮನೆಯವರು ನನ್ನನ್ನು ಕರೆದರು. ಅವರಿಂದ ಮುಚ್ಚಿಡಬೇಡಿ, ವೈದ್ಯರೇ ಬಂದು ಅವರ ಎದುರಿಗೆ ಹೇಳಲಿ ಎಂದೆ. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಕೈ ಆಡದವರು ಇದನ್ನು ಹೇಗೆ ಮಾಡಬೇಕು ಎಂದು ವಕೀಲರನ್ನು ಕೇಳಲು ಹೇಳಿದೆ. ಯಜಮಾನರು ಏನು ತೀರ್ಮಾನ ಮಾಡಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವರು ತಾವೇ, ಅಕ್ಷರ ಅಕ್ಷರವಾಗಿ ತೀರ್ಮಾನ ಮಾಡಿದರು. ಅಷ್ಟು ಹೇಳಿದರೆ ಸಾಕು.

ಕೊನೆಯ ಭೇಟಿಯಲ್ಲಿ ಆಕೆ ತಮ್ಮದೇ ಒಂದು ಕಷ್ಟ ಹೇಳಿದರು. ಗಂಡನಿಗೆ ಹೇಳಬೇಕಾದ್ದು ಒಂದಿತ್ತು. ಎದುರು ನಿಂತರೆ ಅವರು ಅಳುತ್ತಾರೆ, ತನಗೆ ಬಾಯಿ ಬರುವುದಿಲ್ಲ. ನೀವೂ ಬರೆಯಿರಿ ಎಂದೆ. "ನಾನು ಏಳನೇ ಕ್ಲಾಸು ಮೇಡಂ" ಅಂದರು. ಅವರಿಗೆ ಓದಲು ಬರುತ್ತದಲ್ಲ ಎಂದೆ. ಬರೆದು ಅವರ ಕಣ್ಣಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿ, ನೀವು ಅಡುಗೆಮನೆಗೆ ಹೋಗಿ. ಓದುವಾಗ ಅವರ ಮುಖವನ್ನು ಯಾರೂ ನೋಡುವುದು ಬೇಡ. ಅವರು ಒಬ್ಬರೇ ಓದಲಿ.

ವಿಷಯ ಸ್ಕೂಟರಿನದು. ಮೊದಲ ವರ್ಷವೇ ಆಸ್ಪತ್ರೆ ಖರ್ಚಿಗೆ ಆಕೆ ಅದನ್ನು ಮಾರಿದ್ದರು. ಅವರಿಗೆ ಗ್ಯಾರೇಜಿನಲ್ಲಿದೆ ಎಂದು ಹೇಳಿಕೊಂಡು ಬಂದಿದ್ದರು. ಅದನ್ನೆಲ್ಲ ಒಂದು ಪುಟ ಬರೆದು, ಅಂಟಿಸಿ, ಹೋಗಿ ಅನ್ನಕ್ಕೆ ಇಟ್ಟರು. ಅನ್ನ ಆದ ಮೇಲೆ ಬಂದು ಅಕ್ಷರದ ಹಾಳೆ ಹಿಡಿದರು. ಒಂದರ ಎರಡು. ನಾಲ್ಕರ ಒಂದು. ನಾಲ್ಕರ ಒಂದು. ಗೊತ್ತು.

ಆಮೇಲೆ ಇನ್ನೆರಡು ಅಕ್ಷರ: ಬ ರ. "ಹತ್ತಿರ ಬಾರೇ ಅಂತಲಾ?" ಎಂದು ಆಕೆ ಕೇಳಿದರು. ಕಣ್ಣು ಮುಚ್ಚಿತು. ಸ್ವರದ ಸಾಲಿಗೆ ಹೋಗಿ ಎಣಿಸಿದರು. ಇ ಹತ್ತಿರ ಬಂದಾಗ ಕಣ್ಣು ಮೇಲೆದ್ದಿತು. ಬರಿ.

ಆಕೆ ಈಗ ಎರಡನೇ ನೋಟ್‌ಬುಕ್ ತಂದಿಟ್ಟಿದ್ದಾರೆ.