ಬೆಂಗಳೂರಿನ ಹೈಕೋರ್ಟ್ ಬಿಲ್ಡಿಂಗ್‌ಗೆ ಅಠಾರಾ ಕಚೇರಿ ಅಂತ ಹೆಸರು ಯಾಕೆ ಬಂತು?

ಅಠಾರಾ ಅಂದ್ರೆ ಉರ್ದು, ಹಿಂದಿಯಲ್ಲಿ ಹದಿನೆಂಟು. ಬ್ರಿಟಿಷ್ ಕಮಿಷನರ್‌ಗಳ ಆಡಳಿತ ಇದ್ದಾಗ ಸರ್ಕಾರದ 18 ಇಲಾಖೆಗಳು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲೇ ನಡೀತಿದ್ವು, ಅಲ್ಲಿ ಜಾಗ ಸಾಲ್ದೆ ಇದನ್ನ ಕಟ್ಟಿಸಿದ್ರು, 1868ಕ್ಕೆ ಕೆಲಸ ಮುಗೀತು, ಹದಿನೆಂಟೂ ಇಲಾಖೆ ಇಲ್ಲಿಗೆ ಬಂದ್ವು, ಜನರ ಬಾಯಲ್ಲಿ ಅದೇ ಹೆಸರು ನಿಂತುಬಿಡ್ತು. ಆಗ ಕಮಿಷನರ್ ಆಗಿದ್ದವರು ಬೌರಿಂಗ್, ಕಟ್ಟಡದ ಹಿಂದಿದ್ದ ಎಂಜಿನಿಯರ್ ರಿಚರ್ಡ್ ಸ್ಯಾಂಕಿ, ಸ್ಯಾಂಕಿ ಕೆರೆಗೆ ಹೆಸರು ಬಂದಿದ್ದೂ ಇವರಿಂದಾನೇ. ಕಾಂಟ್ರಾಕ್ಟ್ ಹಿಡಿದು ಕಟ್ಟಿದ್ದು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್, ಅವರ ಹೆಸರು ಯಾರೂ ಹೇಳೋದೇ ಇಲ್ಲ, ನಂಗೆ ಅದು ಬೇಜಾರು.

ವಿಧಾನಸೌಧ 1956ರಲ್ಲಿ ಆದ್ಮೇಲೆ ಸೆಕ್ರೆಟೇರಿಯೇಟ್ ಎದುರಿಗೆ ಶಿಫ್ಟ್ ಆಯ್ತು, ಇದು ಪೂರ್ತಿ ಹೈಕೋರ್ಟ್ ಪಾಲಾಯ್ತು. 1980ರ ದಶಕದಲ್ಲಿ ಇದನ್ನ ಕೆಡವೋ ಯೋಚನೆನೂ ಇತ್ತು ಕಣ್ರೀ! ಊರಿನ ಜನ ಕೋರ್ಟ್ ಮೆಟ್ಟಿಲು ಹತ್ತಿ ವಿರೋಧ ಮಾಡಿದ್ರು, ಪುಣ್ಯಕ್ಕೆ ಉಳೀತು.

ಸಾಯಂಕಾಲ ಒಂದ್ಸಲ ಕಬ್ಬನ್ ಪಾರ್ಕ್ ಕಡೆಯಿಂದ ನಡ್ಕೊಂಡು ಹೋಗಿ ನೋಡಿ, ಮರಗಳ ಹಸಿರಿನ ನಡುವೆ ಆ ಕೆಂಪು ಗೋಡೆ, ಉದ್ದುದ್ದ ಕಂಬಗಳ ಸಾಲು, ರಸ್ತೆಯ ಆಚೆ ಬೂದು ಕಲ್ಲಿನ ವಿಧಾನಸೌಧ. ಎರಡೂ ಎದುರುಬದುರು ನಿಂತಿರೋ ಅಂಥ ಜಾಗ ಬೆಂಗಳೂರಲ್ಲಿ ಬೇರೆ ಇಲ್ಲ.