ಮೆಗಾವ್ಯಾಟ್ ಹೆಚ್ಚಿತು, ಹೊಗೆ ಏಕೆ ತಗ್ಗಲಿಲ್ಲ?

ಮಾನ್ಯರೇ,

ಪಾವಗಡದ ಸೋಲಾರ್ ಪಾರ್ಕ್ ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಓದಿ ರಾಯಚೂರು ಸೀಮೆಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಪಾವಗಡದ ಸಾಮರ್ಥ್ಯ 2,050 ಮೆಗಾವ್ಯಾಟ್, ತಮ್ಮ ಸೀಮೆಯ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಎಂಟೂ ಘಟಕಗಳನ್ನು ಕೂಡಿಸಿದರೆ 1,720. ಆ ಲೆಕ್ಕದಲ್ಲಿ ಶಕ್ತಿನಗರವನ್ನು ಮುಚ್ಚಿದರೂ 330 ಮೆಗಾವ್ಯಾಟ್ ಮಿಗಬೇಕಲ್ಲ, ಹಾಗಿದ್ದರೆ ನನ್ನ ಮಾಳಿಗೆಯಿಂದ ಕಾಣುವ ಚಿಮಣಿಗಳಲ್ಲಿ ಇನ್ನೂ ಹೊಗೆ ಏಕೆ, ಇನ್ನೊಂದು ಪಾವಗಡವನ್ನು ಕಟ್ಟಿದರೆ ಅದು ನಿಲ್ಲುತ್ತದೆಯೇ ಎಂದು ತಾವು ಕೇಳಿದ್ದೀರಿ. ತಮ್ಮ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಪಾವಗಡವು ‘ಶಕ್ತಿನಗರಕ್ಕಿಂತ ದೊಡ್ಡದು’ ಎಂದು ವಿವರಣೆಯಿಲ್ಲದೆ ಬರೆದ ತಪ್ಪು ನಮ್ಮದು.

ಮೆಗಾವ್ಯಾಟ್ ಎಂಬುದು ಗಡಿಗೆಯ ಗಾತ್ರವೇ ಹೊರತು ಅದರಲ್ಲಿ ತುಂಬಿದ ನೀರಲ್ಲ. ಒಂದು ಮೆಗಾವ್ಯಾಟ್ ಸೌರಫಲಕಗಳು ಒಳ್ಳೆಯ ಬಿಸಿಲಿನ ಊರಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಐದು ಸಾವಿರ ಯೂನಿಟ್ ಕೊಡುತ್ತವೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ಹಗಲಿರುಳು ಪೂರ್ಣವಾಗಿ ಓಡಿದರೆ 24 ಸಾವಿರ ಯೂನಿಟ್ ಕೊಡುತ್ತದೆ. ಆದ್ದರಿಂದ ಇಡೀ ಪಾವಗಡದಿಂದ ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್ ಬಂದರೆ, ಪೂರ್ಣ ಓಟದಲ್ಲಿರುವ ಶಕ್ತಿನಗರದಿಂದ ನಾಲ್ಕು ಕೋಟಿಗೂ ಮಿಗಿಲಾಗಿ ಬರುತ್ತದೆ. ಇದೇ ಗೊಂದಲ ದೇಶದ ಮಟ್ಟದಲ್ಲೂ ಇದೆ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ, ಅಂದರೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳದ್ದಾಗಿರಬೇಕು ಎಂದು ಭಾರತವು 2022ರಲ್ಲಿ ಕೊಟ್ಟ ಮಾತು 2025ರಲ್ಲೇ ಈಡೇರಿತು, ಪತ್ರಿಕೆಗಳು ಸಂಭ್ರಮಿಸಿದವು. ಆದರೆ ನಾವು ಬಳಸುವ ಯೂನಿಟ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತಿದೆ.

ಇಷ್ಟಾದರೂ ಒಂದು ಕೋಟಿ ಯೂನಿಟ್ ಸಣ್ಣ ಮಾತಲ್ಲ. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಉತ್ಪಾದಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದರಿಂದ, ಪಾವಗಡದ ಪ್ರತಿ ಯೂನಿಟ್ಟೂ ಕಲ್ಲಿದ್ದಲಿನ ಒಂದು ಯೂನಿಟ್ಟನ್ನು ತಪ್ಪಿಸಿದರೆ ದಿನಕ್ಕೆ ಹತ್ತು ಸಾವಿರ ಟನ್ ಉಳಿತಾಯವಾಗುತ್ತದೆ. ತೊಡಕಿರುವುದು ಆ ‘ತಪ್ಪಿಸಿದರೆ’ ಎಂಬ ಮಾತಿನಲ್ಲಿ. ಮಧ್ಯಾಹ್ನ ಬಿಸಿಲಿದೆಯೆಂದು ಬಾಯ್ಲರನ್ನು ಆರಿಸಿ ಸಂಜೆ ಏಳಕ್ಕೆ ಮತ್ತೆ ಹೊತ್ತಿಸಲು ಅದೇನು ಅಡುಗೆಮನೆಯ ಗ್ಯಾಸ್ ಒಲೆಯಲ್ಲ. ತಣ್ಣಗಾದ ಘಟಕವನ್ನು ಪುನಃ ಗ್ರಿಡ್‌ಗೆ ಜೋಡಿಸಲು ಹಲವು ಗಂಟೆಗಳೂ ಸಾಕಷ್ಟು ಎಣ್ಣೆಯೂ ಬೇಕು. ಹಾಗಾಗಿ ಸಂಜೆಗೆ ಬೇಕಾದ ಘಟಕಗಳನ್ನು ಮಧ್ಯಾಹ್ನವೂ ಅವುಗಳ ಸಾಮರ್ಥ್ಯದ ಶೇ 55ರ ಆಸುಪಾಸಿನಲ್ಲಿ ಉರಿಸುತ್ತಲೇ ಇರಬೇಕಾಗುತ್ತದೆ, ಮತ್ತು ಹಾಗೆ ಅರೆ ಓಟದಲ್ಲಿರುವಾಗ ಯೂನಿಟ್‌ಗೆ ತಗಲುವ ಕಲ್ಲಿದ್ದಲು ಹೆಚ್ಚೇ ಆಗುತ್ತದೆ. ತಮ್ಮ ಮಾಳಿಗೆಯಿಂದ ನಡುಹಗಲಲ್ಲಿ ಹೊಗೆ ಕಂಡರೆ, ಅದರ ಒಂದು ಪಾಲು ಆ ದಿನದ ಸಂಜೆಯ ದೀಪಗಳಿಗಾಗಿ ಕಾಯುತ್ತಿರುವ ಬೆಂಕಿಯದ್ದು.

ಆದ್ದರಿಂದ ನೀತಿ ರೂಪಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಫಲಕ ಹಾಕೋಣ ಎಂಬುದನ್ನಲ್ಲ, ಸಂಜೆ ಮತ್ತು ಇರುಳಿನ ಯಾವ ಯಾವ ಬಳಕೆಯನ್ನು ಬಿಸಿಲಿನ ಹೊತ್ತಿಗೆ ತರಬಹುದು ಎಂಬುದನ್ನು ಎಂದು ನನಗೆ ತೋರುತ್ತದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿದ್ದು, ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳಿಗೇ ಹೋಗುತ್ತದೆ. ಬಾವಿಯ ನೀರಿಗಾಗಲಿ ಬೆಳೆಗಾಗಲಿ ಅದು ರಾತ್ರಿಯೇ ಹರಿಯಬೇಕೆಂಬ ಹಟವಿಲ್ಲ. ರಾತ್ರಿ ಎರಡಕ್ಕೆ ತ್ರೀಫೇಸ್ ಬಂತೆಂದು ಎದ್ದು, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಹಾವಿಗೆಂದು ಕೋಲು ಹಿಡಿದು ಬದುವಿನ ಮೇಲೆ ನಡೆದುಹೋಗಿ, ಮೋಟಾರ್ ಹಾಕಿ, ಮಡೆ ತಿರುವಿ, ಅಲ್ಲೇ ಪಂಪ್‌ಮನೆಯ ಕಟ್ಟೆಯ ಮೇಲೆ ತೂಕಡಿಸುವ ರೈತನನ್ನು ಕಾಣದ ಹಳ್ಳಿ ನಮ್ಮಲ್ಲಿಲ್ಲ. ಸೌರ ವಿದ್ಯುತ್ ಹೆಚ್ಚಿದ ಮೇಲೆ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಅನೇಕ ಮಾರ್ಗಗಳ (ಫೀಡರ್‌ಗಳ) ಏಳು ಗಂಟೆಯ ಸರಬರಾಜನ್ನು ಹಗಲಿಗೆ ತಂದಿವೆ. ಪಿಎಂ ಕುಸುಮ್ ಯೋಜನೆಯ ಅಡಿಯಲ್ಲಿ ಉಪಕೇಂದ್ರದ ಪಕ್ಕದಲ್ಲೇ ಸೌರಘಟಕ ಹಾಕಿ ಕೃಷಿ ಫೀಡರ್‌ಗೆ ಜೋಡಿಸುವ ಕ್ರಮದಲ್ಲಿ ದೂರದ ತಂತಿಗಳಲ್ಲಿ ಸೋರುವ ವಿದ್ಯುತ್ತೂ ಉಳಿಯುತ್ತದೆ. ಪ್ರಚಾರದಲ್ಲಿ ಪಾವಗಡದ ಮುಂದೆ ಇದು ಏನೂ ಅಲ್ಲ. ಹೊಗೆ ತಗ್ಗಿಸುವುದರಲ್ಲಿ ಇದೇ ಮೇಲು ಎಂಬುದು ನನ್ನ ಎಣಿಕೆ.

ಈ ಬಗೆಯ ಯೋಚನೆ ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿಯವರು ಮತ್ತು ಅವರ ಸಂಗಡಿಗರು, ಜನರಿಗೆ ಬೇಕಾದದ್ದು ವಿದ್ಯುತ್ತಲ್ಲ, ಅದರಿಂದಾಗುವ ಬೆಳಕು, ನೀರು, ಕೆಲಸ ಎಂಬ ನೆಲೆಯಿಂದ ಹೊರಟು, ದೊಡ್ಡ ಸ್ಥಾವರಗಳ ಸರ್ಕಾರಿ ಯೋಜನೆಗೆ ಪ್ರತಿಯಾಗಿ ಕರ್ನಾಟಕಕ್ಕೇ ಒಂದು ಪರ್ಯಾಯ ಲೆಕ್ಕವನ್ನು ಮೂರು ದಶಕಗಳ ಹಿಂದೆಯೇ ಮುಂದಿಟ್ಟಿದ್ದರು. ಹವಾಮಾನ ಬದಲಾವಣೆ ಆಗಿನ್ನೂ ಮನೆಮಾತಾಗಿರಲಿಲ್ಲ.

ಸಂಜೆಗಾಗಿ ಹಗಲಿನ ವಿದ್ಯುತ್ತನ್ನು ಕೂಡಿಡುವ ವಿಚಾರಕ್ಕೆ ಬಂದರೆ, ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ವಿಧಾನ ಪಳಗಿದ ತಂತ್ರಜ್ಞಾನವೇ. ಎತ್ತಲು ಖರ್ಚಾದ ವಿದ್ಯುತ್ತಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹಿಂದಿರುಗುತ್ತದೆ. ಹಾಗೆಂದು ಶರಾವತಿ ಕಣಿವೆಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸಿಂಗಳೀಕಗಳ ಅಭಯಾರಣ್ಯವನ್ನು ಹಾದು 2,000 ಮೆಗಾವ್ಯಾಟ್ ಯೋಜನೆ ಮಾಡಬೇಕೆಂಬುದನ್ನು ನಾನು ಒಪ್ಪಲಾರೆ. ಇಂಗಾಲ ಹಿಡಿದಿಟ್ಟಿರುವ ಕಾಡನ್ನು ಕಡಿದು ಇಂಗಾಲ ಉಳಿಸುವ ಮಾತು ವಿಚಿತ್ರವಾಗಿ ಕೇಳುತ್ತದೆ, ಅದೂ ಬ್ಯಾಟರಿಗಳ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಹೊತ್ತಿನಲ್ಲಿ.

ಇನ್ನೊಂದು ಪಾವಗಡ ಬೇಡವೆಂದೇನೂ ನಾನು ಹೇಳುತ್ತಿಲ್ಲ. ಸುಮಾರು 13,000 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದ ಅಲ್ಲಿನ ಕ್ರಮ ಅನುಕರಣೀಯ; ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣ ಸಿಗಲಿಲ್ಲವೆಂಬುದನ್ನು ಮುಂದಿನ ಪಾರ್ಕ್‌ನವರು ನೆನಪಿಡಬೇಕು.

ತಮ್ಮ ಮಾಳಿಗೆಯ ಮೇಲೆ ಎರಡು ಕಿಲೋವ್ಯಾಟ್ ಫಲಕ ಹಾಕಿಸಬೇಕೇ ಎಂದೂ ಕೇಳಿದ್ದೀರಿ. ಅದರಿಂದ ದಿನಕ್ಕೆ ಸುಮಾರು ಎಂಟು ಯೂನಿಟ್ ಬರುತ್ತದೆ, ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 60,000 ರೂಪಾಯಿ ಸಹಾಯಧನವೂ ಇದೆ. ಆದರೆ ತಮ್ಮ ಮನೆ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮಿತಿಯೊಳಗಿದ್ದು ಬಿಲ್ಲು ಸೊನ್ನೆ ಬರುತ್ತಿದ್ದರೆ ಹಣದ ಲಾಭ ಅಷ್ಟಾಗಿ ಕಾಣದು. ಇದು ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದನ್ನೊಂದು ನೋಡಿಕೊಳ್ಳದ ಫಲ. ಫಲಕ ಹಾಕಿಸಲಿ ಬಿಡಲಿ, ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರನ್ನು ಸಂಜೆ ಏಳಕ್ಕೆ ಹಾಕುವ ರೂಢಿಯಿದ್ದರೆ, ಅದನ್ನು ನಾಳೆಯಿಂದಲೇ ಬೆಳಿಗ್ಗೆ ಹನ್ನೊಂದು ಗಂಟೆಗೆ ಬದಲಾಯಿಸಿಕೊಳ್ಳಬಹುದು.

ಇಂತು,
ಸಂಪಾದಕ