ತೀರ್ಪಿಗೆ ಆಧಾರ ಪುಟದಲ್ಲಿರಲಿ

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಚೊಚ್ಚಲ ಕಾದಂಬರಿಯ ಪ್ರತಿ ಕೊಟ್ಟು, ವಿಮರ್ಶೆ ಬರೆಯಬೇಕೆಂದು ಕೇಳಿಕೊಂಡಿದ್ದಾರೆ. ಪೂರ್ವಾರ್ಧ ಹಿಡಿಸಿತು, ಉತ್ತರಾರ್ಧ ಸಡಿಲವೆನಿಸಿತು. ಲೇಖಕರ ಮನಸ್ಸು ನೋಯಿಸದೆ, ಓದುಗರಿಗೂ ಮೋಸವಾಗದಂತೆ ಬರೆಯುವುದು ಹೇಗೆ?

ಉತ್ತರ: ನೀವು ಕೇಳಿದ ಎರಡರಲ್ಲಿ ಓದುಗರಿಗೆ ಮೋಸವಾಗದಿರುವುದೇ ಮುಖ್ಯ, ಹಣವನ್ನೂ ಸಮಯವನ್ನೂ ವ್ಯಯಿಸುವವರು ಅವರು. ಬರಿಯ ಮುಖಪರಿಚಯವಾದರೆ ಅದನ್ನೂ, ಪ್ರತಿಯನ್ನು ಲೇಖಕರೇ ಕೊಟ್ಟರೆಂಬುದನ್ನೂ ಒಂದು ವಾಕ್ಯದಲ್ಲಿ ತಿಳಿಸಿ ಮುಂದುವರಿಯಬಹುದು. ಸ್ನೇಹ ಗಾಢವಾಗಿದ್ದರೆ ವಿಮರ್ಶೆ ಬರೆಯಲು ಒಪ್ಪಿಕೊಳ್ಳದಿರುವುದೇ ಲೇಸು. ಹೆಸರು ಹಾಕದೆ ಬರೆದರಾಯಿತಲ್ಲ ಎನ್ನುವವರುಂಟು. 1902ರಲ್ಲಿ ಆರಂಭವಾದ ಲಂಡನ್ನಿನ ಟೈಮ್ಸ್ ಲಿಟರರಿ ಸಪ್ಲಿಮೆಂಟ್ ಎಂಬ ಪುಸ್ತಕ ವಿಮರ್ಶೆಯ ಪತ್ರಿಕೆ ದಶಕಗಳ ಕಾಲ ವಿಮರ್ಶಕರ ಹೆಸರಿಲ್ಲದೆಯೇ ವಿಮರ್ಶೆಗಳನ್ನು ಪ್ರಕಟಿಸುತ್ತಿದ್ದು, 1974ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ತೀರ್ಪು ಯಾರದೆಂದು ತಿಳಿಯದಿದ್ದರೆ ಅದನ್ನು ತೂಗಿ ನೋಡುವುದೂ ಕಷ್ಟವೆಂಬುದು ನನ್ನ ಅಭಿಪ್ರಾಯ.

ಉತ್ತರಾರ್ಧ ಸಡಿಲವೆಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ನಿಮ್ಮ ಆಸಕ್ತಿ ಕುಂದಿದ ಪುಟಕ್ಕೆ ಮರಳಿ, ಅಲ್ಲಿ ಏನಾಗಿದೆಯೆಂದು ನೋಡಿ. ತಂದೆ–ಮಗಳ ಜಗಳವನ್ನು ಮೊನಚಾದ ಸಂಭಾಷಣೆಯಲ್ಲಿ ತೋರಿಸಿದ ಲೇಖಕರು, ಅವರ ರಾಜಿಯನ್ನು ‘ಕಾಲ ಎಲ್ಲವನ್ನೂ ಮರೆಸಿತು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆಂದು ಇಟ್ಟುಕೊಳ್ಳೋಣ. ಆ ಸಂಭಾಷಣೆಯ ನಾಲ್ಕು ಮಾತುಗಳನ್ನೂ ಈ ಸಾಲನ್ನೂ ಅಕ್ಕಪಕ್ಕದಲ್ಲಿ ಉದ್ಧರಿಸಿದರೆ, ಕಟುವಾದ ಒಂದು ವಿಶೇಷಣವೂ ಬೇಕಾಗದೆ ಕೊರತೆ ತಾನಾಗಿಯೇ ಕಾಣುತ್ತದೆ. ನಿಮ್ಮ ಮಾತನ್ನು ಒಪ್ಪದ ಓದುಗರಿಗೆ ವಾದಿಸಲು ಆಧಾರವೂ ಸಿಗುತ್ತದೆ, ಲೇಖಕರಿಗೆ ಮುಂದಿನ ಕೃತಿಯಲ್ಲಿ ತಿದ್ದಿಕೊಳ್ಳಬೇಕಾದ್ದೂ ತಿಳಿಯುತ್ತದೆ. ಆದರೆ ಆ ಅವಸರ ಉದ್ದೇಶಪೂರ್ವಕವಾದದ್ದೇ ಎಂದು ಮೊದಲು ಕೇಳಿಕೊಳ್ಳಿ. ನೋವಿನ ಸಂಗತಿಗಳನ್ನು ತೇಲಿಸಿಬಿಡುವ ಸ್ವಭಾವದ ಮಗಳೇ ಕಥೆ ಹೇಳುತ್ತಿದ್ದರೆ, ಅದೇ ಸಾಲು ಪಾತ್ರಚಿತ್ರಣದ ಭಾಗವಾಗಿರಬಹುದು. ಲೇಖಕರು ಬರೆಯಹೊರಟದ್ದನ್ನು ಬದಿಗಿಟ್ಟು, ತಾನು ಬಯಸಿದ ಕಾದಂಬರಿ ಸಿಗಲಿಲ್ಲವೆಂದು ವಿಮರ್ಶಕ ದೂರುವುದು ಅನ್ಯಾಯ.

ಮೆಚ್ಚುಗೆಗೂ ಇದೇ ನಿಯಮ. ‘ಭರವಸೆಯ ಲೇಖಕ’, ‘ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ’ ಮುಂತಾದ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಾದ್ದರಿಂದ ಅವು ಬೆನ್ನುಡಿಗೇ ಇರಲಿ. ಪೂರ್ವಾರ್ಧದಲ್ಲಿ ನಿಮಗೆ ಹಿಡಿಸಿದ ಸನ್ನಿವೇಶ ಯಾವುದು, ಅದು ಏಕೆ ಹಿಡಿಸಿತು ಎಂಬುದನ್ನು ಬರೆಯಿರಿ.

ಕಥಾಸಾರ ಒಂದು ಪ್ಯಾರಾ ಮೀರದಿರಲಿ, ಅಂತ್ಯವನ್ನು ಬಿಟ್ಟುಕೊಡಬೇಡಿ. ಪ್ರಕಟಣೆಗೆ ಮುನ್ನ ಕರಡನ್ನು ಲೇಖಕರಿಗೆ ತೋರಿಸುವ ಅಗತ್ಯವೂ ಇಲ್ಲ. ಪಾತ್ರಗಳ ಹೆಸರುಗಳನ್ನೂ ಉದ್ಧರಿಸಿದ ಸಾಲುಗಳನ್ನೂ ಪುಸ್ತಕ ಎದುರಿಟ್ಟುಕೊಂಡು ಮತ್ತೊಮ್ಮೆ ತಾಳೆ ನೋಡಿದರೆ ಸಾಕು.